ಹಿಡಿಯುವ ಎಲೆ, ಬಿಡುವ ಎಲೆ: ಪೋಕರ್ ಕುರಿತು ನಿಮ್ಮ ಪ್ರಶ್ನೆಗಳು

ದೀಪಾವಳಿ ಹತ್ತಿರವಾದಂತೆ ಇಸ್ಪೀಟಿನ ಬಗ್ಗೆ ಪತ್ರಗಳು ಹೆಚ್ಚುವುದು ಈ ಅಂಕಣಕ್ಕೆ ಹೊಸತೇನಲ್ಲ. ಈ ಸಲ ರಮ್ಮಿಗಿಂತ ಪೋಕರ್ ಬಗ್ಗೆಯೇ ಹೆಚ್ಚು ಓದುಗರು ಕೇಳಿದ್ದಾರೆ. ಆಟ ಕಲಿಯುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರಿಸಿದ್ದೇನೆ. ಬೇಗ ದುಡ್ಡು ಮಾಡುವುದು ಹೇಗೆ ಎಂದು ಕೇಳಿದವರ ಪತ್ರಗಳನ್ನು ಬದಿಗಿಟ್ಟಿದ್ದೇನೆ, ಬೇಸರಿಸಬೇಡಿ.

ಪ್ರಶ್ನೆ: ಬೆಂಗಳೂರಿನ ಒಂದು ಕಂಪನಿಗೆ ಹೊಸದಾಗಿ ಸೇರಿದ್ದೇನೆ. ಶನಿವಾರ ಸಂಜೆ ಸಹೋದ್ಯೋಗಿಗಳು ಒಬ್ಬರ ಮನೆಯಲ್ಲಿ ಸೇರಿ ಪೋಕರ್ ಆಡುತ್ತಾರೆ. ಅಜ್ಜಿ ಕಲಿಸಿದ ರಮ್ಮಿ ಬಿಟ್ಟರೆ ನನಗೆ ಬೇರೆ ಆಟ ಗೊತ್ತಿಲ್ಲ. ಅವರು ‘ಫ್ಲಾಪ್’, ‘ರಿವರ್’ ಅಂತ ಮಾತಾಡುವಾಗ ಪೆದ್ದನ ಹಾಗೆ ಕೂತಿರುತ್ತೇನೆ. ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಸುಮ್ಮನೆ ಕೂತು ನೋಡುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಗೊತ್ತಿಲ್ಲದೆ ನುಗ್ಗಿ ಆಡುವವರಿಗಿಂತ ನೋಡುತ್ತ ಕೂತವರು ಬೇಗ ಕಲಿಯುತ್ತಾರೆ. ಅಜ್ಜಿ ರಮ್ಮಿ ಕಲಿಸಿದ್ದಾರೆ ಅಂದಮೇಲೆ ಎಲೆಯ ಗುರುತು, ಸೀಕ್ವೆನ್ಸ್, ಸೆಟ್ ಎಲ್ಲ ನಿಮಗೆ ಗೊತ್ತಿದೆ. ಉಳಿದದ್ದು ಒಂದು ಸಂಜೆಯ ಕೆಲಸ.

ಪೋಕರ್‌ನಲ್ಲಿ ಹಲವು ಬಗೆಗಳಿವೆ. ನಿಮ್ಮ ಗೆಳೆಯರ ಮಾತು ಕೇಳಿದರೆ ಅವರು ಆಡುತ್ತಿರುವುದು ಟೆಕ್ಸಸ್ ಹೋಲ್ಡೆಮ್. ಅಮೆರಿಕದ ಟೆಕ್ಸಸ್‌ನಿಂದ ಲಾಸ್ ವೇಗಸ್‌ಗೆ ಹೋದ ಈ ಆಟ, ಅಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಾವಳಿಯಿಂದ ಊರೂರಿಗೆ ಹಬ್ಬಿತು.

ಆಡುವ ಕ್ರಮ ಸರಳ. 52 ಎಲೆ, ಜೋಕರ್ ಇಲ್ಲ. ಪ್ರತಿಯೊಬ್ಬರಿಗೂ ಎರಡೆರಡು ಎಲೆಯನ್ನು ಕವುಚಿ ಹಂಚುತ್ತಾರೆ. ಅದನ್ನು ನೀವೊಬ್ಬರೇ ನೋಡಬೇಕು. ಆಮೇಲೆ ಮೇಜಿನ ನಡುವೆ ಐದು ಎಲೆಗಳನ್ನು ತೆರೆದಿಡುತ್ತಾರೆ, ಅವು ಎಲ್ಲರಿಗೂ ಸೇರಿದವು. ಮೊದಲು ಒಟ್ಟಿಗೆ ಮೂರು (ಇದೇ ಫ್ಲಾಪ್), ಬಳಿಕ ಇನ್ನೊಂದು (ಟರ್ನ್), ಕೊನೆಗೆ ಮತ್ತೊಂದು (ರಿವರ್). ನಿಮ್ಮ ಎರಡು, ಮೇಜಿನ ಐದು, ಒಟ್ಟು ಏಳರಲ್ಲಿ ಯಾವ ಐದು ಅತಿ ಚೆನ್ನಾಗಿ ಕೂಡುತ್ತವೋ ಅದೇ ನಿಮ್ಮ ಕೈ.

ಫ್ಲಾಪ್ ಬೀಳುವ ಮುಂಚೆ ಒಂದು ಸಲ, ಆಮೇಲೆ ಪ್ರತಿ ಹಂತಕ್ಕೆ ಒಂದೊಂದು ಸಲ, ಹೀಗೆ ನಾಲ್ಕು ಸುತ್ತು ಪಣ ನಡೆಯುತ್ತದೆ. ನಿಮ್ಮ ಸರದಿ ಬಂದಾಗ ಮಾಡಬಹುದಾದದ್ದು ಇಷ್ಟೇ: ಯಾರೂ ಪಣ ಕಟ್ಟಿಲ್ಲದಿದ್ದರೆ ನೀವೂ ಕಟ್ಟದೆ ಮುಂದಿನವರಿಗೆ ಬಿಡುವುದು (ಚೆಕ್) ಅಥವಾ ನೀವೇ ಮೊದಲಾಗಿ ಕಟ್ಟುವುದು (ಬೆಟ್), ಎದುರಿನವರು ಇಟ್ಟಷ್ಟೇ ಇಡುವುದು (ಕಾಲ್), ಅದಕ್ಕಿಂತ ಏರಿಸುವುದು (ರೇಸ್), ಎಲೆ ಬಿಟ್ಟು ಸುಮ್ಮನಾಗುವುದು (ಫೋಲ್ಡ್). ಮೂರೆಲೆ ಆಡುವವರು ‘ಪ್ಯಾಕ್’ ಅನ್ನುತ್ತಾರಲ್ಲ, ಅದೇ ಈ ಫೋಲ್ಡ್. ಆದರೆ ಮೂರೆಲೆಯ ‘ಬ್ಲೈಂಡ್’ ಬೇರೆ, ಇಲ್ಲಿಯದು ಬೇರೆ. ಇಲ್ಲಿ ಡೀಲರ್‌ನ (ಎಲೆ ಹಂಚುವವರ) ಎಡಕ್ಕೆ ಕೂತ ಇಬ್ಬರು ಎಲೆ ನೋಡುವ ಮುಂಚೆಯೇ ಕಡ್ಡಾಯವಾಗಿ ಇಡಬೇಕಾದ ಪಣಕ್ಕೆ ಬ್ಲೈಂಡ್ ಎಂದು ಹೆಸರು. ಪ್ರತಿ ಆಟಕ್ಕೂ ಡೀಲರ್ ಸ್ಥಾನ ಒಂದು ಮನೆ ಸರಿಯುವುದರಿಂದ ಈ ಹೊರೆ ಎಲ್ಲರಿಗೂ ಬರುತ್ತದೆ.

ಇನ್ನು ಮುಖ್ಯ ವಿಷಯ. ರಮ್ಮಿಯಲ್ಲಿ ಕೈ ಚೆನ್ನಾಗಿಲ್ಲ ಅಂತ ಮೊದಲೇ ಡ್ರಾಪ್ ಮಾಡಿದರೂ ಸಾಮಾನ್ಯವಾಗಿ 20 ಅಂಕ ತಲೆಗೆ ಬೀಳುತ್ತದೆ. ಹೋಲ್ಡೆಮ್‌ನಲ್ಲಿ ಬ್ಲೈಂಡ್ ಇಟ್ಟವರನ್ನು ಬಿಟ್ಟರೆ ಉಳಿದವರು ಮೊದಲ ಸುತ್ತಿನಲ್ಲಿ ಎಲೆ ಬಿಟ್ಟರೆ ಒಂದು ಪೈಸೆಯೂ ಹೋಗುವುದಿಲ್ಲ. ಆಟ ನಿಮಗೆ ಪುಕ್ಕಟೆಯಾಗಿ ಕೊಟ್ಟಿರುವ ಸೌಲಭ್ಯ ಅದು. ಹೊಸಬರು ಅದನ್ನೇ ಬಳಸುವುದಿಲ್ಲ, ‘ಬಂದಿದ್ದೇವೆ, ಆಡೋಣ’ ಅಂತ ಪ್ರತಿ ಕೈಗೂ ಕಾಲ್ ಮಾಡುತ್ತಾರೆ. ಶುರುವಿನಲ್ಲಿ ನೀವು ದೊಡ್ಡ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ರಾಜ-ರಾಣಿ, ಇಂಥವನ್ನು ಮಾತ್ರ ಹಿಡಿಯಿರಿ. ಐದು ಕೈಯಲ್ಲಿ ನಾಲ್ಕನ್ನು ಬಿಟ್ಟರೂ ತಪ್ಪಿಲ್ಲ. ಗೆಳೆಯರು ‘ಏನಪ್ಪಾ, ಪೂಜಾರಿ ಹಾಗೆ ಕೂತಿದ್ದೀಯ’ ಅಂತ ರೇಗಿಸಬಹುದು. ರೇಗಿಸಲಿ.

ಕೂತ ಜಾಗವನ್ನೂ (ಪೊಸಿಷನ್) ಗಮನಿಸಿ. ಫ್ಲಾಪ್ ಬಿದ್ದ ಮೇಲೆ ಡೀಲರ್ ಸ್ಥಾನದಲ್ಲಿರುವವರದು ಕೊನೆಯ ಸರದಿ. ಉಳಿದವರೆಲ್ಲ ಏನು ಮಾಡಿದರು ಅಂತ ನೋಡಿ ಆಮೇಲೆ ತೀರ್ಮಾನಿಸುವ ಅನುಕೂಲ ಅವರದು. ಅದೇ ಎರಡು ಎಲೆ, ಮೊದಲು ಆಡಬೇಕಾದವರ ಕೈಯಲ್ಲಿ ಸಾಧಾರಣ, ಕೊನೆಯವರ ಕೈಯಲ್ಲಿ ಒಳ್ಳೆಯದು.

ಅಭ್ಯಾಸಕ್ಕೆ ದುಡ್ಡು ಬೇಡ. ಮನೆಯಲ್ಲಿ ಒಂದು ಕಟ್ಟು ಎಲೆ, ಚೌಕಾಬಾರದ ಡಬ್ಬಿಯಲ್ಲಿರುವ ಹುಣಸೆಬೀಜ ಸಾಕು. ಮೊದಲ ದಿನ ಎಲ್ಲರ ಎಲೆಯನ್ನೂ ತೆರೆದಿಟ್ಟೇ ಆಡಿ. ಯಾರ ಕೈ ಯಾವ ಹಂತದಲ್ಲಿ ಮುಂದಿತ್ತು, ಎಲ್ಲಿ ಹಿಂದೆ ಬಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ: ಹಬ್ಬದಲ್ಲಿ ಮೂರೆಲೆ ಆಡಿ ಬೆಳೆದವನು ನಾನು. ಮೊನ್ನೆ ಪೋಕರ್‌ನಲ್ಲಿ ನನಗೆ 5, 6, 7, 8, 9 ಬಂತು. ಎದುರಿನವನದು ಸೀಕ್ವೆನ್ಸ್ ಇರಲಿಲ್ಲ, ಬರೀ ಐದು ಕಳಾವರ್. ಆದರೂ ಹಣವೆಲ್ಲ ಅವನಿಗೆ ಹೋಯಿತು. ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದಲ್ಲವೇ? ನನಗೆ ಮೋಸ ಆಯಿತೇ?
– ಓದುಗರು, ದಾವಣಗೆರೆ

ಉತ್ತರ: ಮೋಸ ಆಗಿಲ್ಲ, ಸಮಾಧಾನ ಮಾಡಿಕೊಳ್ಳಿ. ನಿಮ್ಮ ಗೊಂದಲವೂ ಸಹಜವೇ. ಮೂರೆಲೆಯಲ್ಲಿ ಸೀಕ್ವೆನ್ಸ್ ಮೇಲು, ಐದು ಎಲೆಯ ಪೋಕರ್‌ನಲ್ಲಿ ಕಲರ್ (ಒಂದೇ ಗುರುತಿನ ಎಲೆಗಳು, ಇಲ್ಲಿ ಫ್ಲಶ್ ಅನ್ನುತ್ತಾರೆ) ಮೇಲು.

ಯಾಕೆ ಹೀಗೆ ಅಂತ ಎಣಿಸಿ ನೋಡಿದರೆ ಗೊತ್ತಾಗುತ್ತದೆ. ಒಂದು ಕಟ್ಟಿನಿಂದ ಮೂರು ಎಲೆಗಳನ್ನು 22,100 ರೀತಿಯಲ್ಲಿ ತೆಗೆಯಬಹುದು. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಅಲ್ಲಿ ಸೀಕ್ವೆನ್ಸ್ ಅಪರೂಪ. ಐದು ಎಲೆಗಳಾದರೆ ಒಟ್ಟು 25,98,960 ರೀತಿ. ಸೀಕ್ವೆನ್ಸ್ 10,200, ಕಲರ್ 5,108. ಇಲ್ಲಿ ಕಲರ್ ಅಪರೂಪ. ಅಪರೂಪದ್ದಕ್ಕೆ ಬೆಲೆ ಹೆಚ್ಚು. ಹಾಗಂತ ಮೂರೆಲೆಯ ಪದ್ಧತಿಯೂ ಪೂರ್ತಿ ಲೆಕ್ಕದ ಪ್ರಕಾರ ಇಲ್ಲ, ಗಮನಿಸಿದ್ದೀರಾ? ಮೂರೂ ಒಂದೇ ಎಲೆ (ಟ್ರೈಲ್) 52 ರೀತಿಯಲ್ಲಿ ಬರುತ್ತದೆ, ಪ್ಯೂರ್ ಸೀಕ್ವೆನ್ಸ್ (ಒಂದೇ ಗುರುತಿನ ಸೀಕ್ವೆನ್ಸ್) 48 ರೀತಿಯಲ್ಲಿ ಮಾತ್ರ. ನ್ಯಾಯವಾಗಿ ಪ್ಯೂರ್ ಸೀಕ್ವೆನ್ಸ್ ಮೇಲಿರಬೇಕಿತ್ತು. ಆದರೆ ಮೂರು ಎಕ್ಕ ಹಿಡಿದವನಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ!

ಪೋಕರ್‌ನ ಏಣಿಯನ್ನು ಕೆಳಗಿನಿಂದ ಬಾಯಿಪಾಠ ಮಾಡಿಕೊಳ್ಳಿ: ಏನೂ ಕೂಡದೆ ಬರೀ ದೊಡ್ಡ ಎಲೆ, ಒಂದು ಜೋಡಿ, ಎರಡು ಜೋಡಿ, ಒಂದೇ ಬಗೆಯ ಮೂರು, ಸಾಲಾಗಿ ಐದು (ಸ್ಟ್ರೈಟ್), ಒಂದೇ ಗುರುತಿನ ಐದು (ಫ್ಲಶ್), ಮೂರು ಒಂದು ಬಗೆ ಎರಡು ಇನ್ನೊಂದು ಬಗೆ (ಫುಲ್ ಹೌಸ್), ಒಂದೇ ಬಗೆಯ ನಾಲ್ಕು, ಒಂದೇ ಗುರುತಿನಲ್ಲಿ ಸಾಲಾಗಿ ಐದು (ಸ್ಟ್ರೈಟ್ ಫ್ಲಶ್). ಹತ್ತರಿಂದ ಎಕ್ಕದವರೆಗಿನ ಸ್ಟ್ರೈಟ್ ಫ್ಲಶ್‌ಗೆ ರಾಯಲ್ ಫ್ಲಶ್ ಎಂಬ ಹೆಸರಿದೆ. ಅದು ಇರುವುದೇ ನಾಲ್ಕು, ಗುರುತಿಗೊಂದು.

ಇನ್ನೊಂದು ಮಾತು. ಹೋಲ್ಡೆಮ್‌ನಲ್ಲಿ ಇಸ್ಪೀಟ್, ಆಟೀನ್, ಡೈಮಂಡ್, ಕಳಾವರ್ ಎಲ್ಲ ಸಮ. ‘ನನ್ನದು ಇಸ್ಪೀಟ್ ಎಕ್ಕ, ನಿನ್ನದಕ್ಕಿಂತ ದೊಡ್ಡದು’ ಅನ್ನುವ ವಾದ ನಡೆಯುವುದಿಲ್ಲ. ಐದೂ ಎಲೆ ಸಮನಾಗಿದ್ದರೆ ಹಣವನ್ನು ಹಂಚಿಕೊಳ್ಳಬೇಕು.

ಪ್ರಶ್ನೆ: ನಿವೃತ್ತ ಅಂಚೆ ನೌಕರ. ಮೊಮ್ಮಗನ ಜೊತೆ ಕಾಲಕಳೆಯಲು ಪೋಕರ್ ಕಲಿಯುತ್ತಿದ್ದೇನೆ, ದುಡ್ಡಿಟ್ಟು ಆಡುವುದಿಲ್ಲ. ಅವನು ಮಾತೆತ್ತಿದರೆ ‘ಪಾಟ್ ಆಡ್ಸ್’ ಅನ್ನುತ್ತಾನೆ. ಗಣಿತವೆಂದರೆ ನನಗೆ ಶಾಲೆಯ ಕಾಲದಿಂದಲೂ ಭಯ. ಈ ಲೆಕ್ಕ ಬರದೆ ಪೋಕರ್ ಆಡಲು ಆಗುವುದೇ ಇಲ್ಲವೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಆಡಬಹುದು, ಖಂಡಿತ ಆಡಬಹುದು. ಆದರೆ ಶಾಲೆಯ ಆ ಭಯ ಈ ವಯಸ್ಸಿನಲ್ಲಿ ಯಾಕೆ ಜೊತೆಗಿರಬೇಕು? ಪಾಟ್ ಆಡ್ಸ್ (ಮಧ್ಯದಲ್ಲಿರುವ ಮೊತ್ತಕ್ಕೂ ನೀವು ಈಗ ಕೊಡಬೇಕಾದ ಬೆಲೆಗೂ ಇರುವ ಅನುಪಾತ) ಎಂಬುದು ನೀವು ಜೀವಮಾನವಿಡೀ ಮಾಡಿದ ಲೆಕ್ಕವೇ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ಇದರಲ್ಲಿ ಹುಳುಕು ಎಷ್ಟು ಹೋದೀತು ಅಂತ ಅಂದಾಜು ಮಾಡಿ ಬೆಲೆ ಕೇಳುತ್ತೀರಲ್ಲ, ಹಾಗೆ.

ಈಗ ಎಲೆ ಕೈಗೆ ತೆಗೆದುಕೊಳ್ಳಿ. ನಿಮ್ಮ ಬಳಿ ಆಟೀನ್ ಎಕ್ಕ ಮತ್ತು ಆಟೀನ್ 7. ಮೇಜಿನ ಮೇಲೆ ಆಟೀನ್ ರಾಣಿ, ಆಟೀನ್ 4, ಇಸ್ಪೀಟ್ 9, ಕಳಾವರ್ 2. ಇನ್ನು ಬೀಳಬೇಕಾದದ್ದು ಒಂದೇ ಎಲೆ. ಅದು ಆಟೀನ್ ಆದರೆ ನಿಮಗೆ ಫ್ಲಶ್, ಇಲ್ಲದಿದ್ದರೆ ಕೈಯಲ್ಲಿ ಏನೂ ಇಲ್ಲ. (ಎಕ್ಕ ಬಂದು ಜೋಡಿಯಾದರೂ ಗೆಲ್ಲಬಹುದು, ಅದನ್ನು ಸದ್ಯಕ್ಕೆ ಬಿಡೋಣ.)

ಕಟ್ಟಿನಲ್ಲಿ ಆಟೀನ್ 13. ನಾಲ್ಕು ಕಣ್ಣೆದುರಿಗೇ ಇವೆ, ಉಳಿದದ್ದು 9. ನೀವು ನೋಡಿರುವ ಎಲೆ ಆರು, ನೋಡದಿರುವುದು 46. ಅಂದರೆ 46ರಲ್ಲಿ 9, ಸುಮಾರಾಗಿ ಐದರಲ್ಲಿ ಒಂದು ಸಲ ನಿಮಗೆ ಬೇಕಾದದ್ದು ಬೀಳುತ್ತದೆ.

ಮಧ್ಯದಲ್ಲಿ 60 ಹುಣಸೆಬೀಜ ಇದೆ ಅನ್ನಿ. ಮೊಮ್ಮಗ 30 ಇಟ್ಟ. ಈಗ ನೀವೂ 30 ಇಟ್ಟರೆ ಒಟ್ಟು 120 ಆಗುತ್ತದೆ, ಅದರಲ್ಲಿ ನಿಮ್ಮದು ಕಾಲು ಭಾಗ. ಕಾಲು ಭಾಗ ಬೆಲೆ ಕೊಡುವವರು ನಾಲ್ಕರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ನಿಮಗಿರುವುದು ಐದರಲ್ಲಿ ಒಂದು. ಬೆಲೆ ಜಾಸ್ತಿಯಾಯಿತು, ಎಲೆ ಬಿಡಿ. ಅದೇ ಅವನು 10 ಬೀಜ ಮಾತ್ರ ಇಟ್ಟಿದ್ದರೆ? ನೀವು 10 ಹಾಕಿದರೆ ಒಟ್ಟು 80, ನಿಮ್ಮದು ಎಂಟರಲ್ಲಿ ಒಂದು ಭಾಗ. ಎಂಟರಲ್ಲಿ ಒಂದು ಸಲ ಗೆದ್ದರೆ ಸಾಕಾದ ಕಡೆ ಐದರಲ್ಲಿ ಒಂದು ಸಲ ಗೆಲ್ಲುತ್ತೀರಿ. ಅಗ್ಗವಾಯಿತು, ಕಾಲ್ ಮಾಡಿ.

ಎಲೆ ಅದೇ, ಆಸೆ ಅದೇ. ಬೆಲೆ ಬದಲಾದಾಗ ತೀರ್ಮಾನ ಬದಲಾಯಿತು. ‘ಆಟೀನ್ ಬರುತ್ತಾ ಇಲ್ಲವಾ’ ಅಂತ ಹೊಸಬರು ಯೋಚಿಸುತ್ತಾರೆ, ಅದು ಯಾರ ಕೈಯಲ್ಲೂ ಇಲ್ಲ. ಎಷ್ಟಕ್ಕೆ ಕೇಳುತ್ತಿದ್ದಾರೆ ಅನ್ನುವುದನ್ನು ಯೋಚಿಸಿ.

ಭಾಗಾಕಾರ ಬೇಡವೆಂದರೆ ಒಂದು ಸುಲಭ ಸೂತ್ರವಿದೆ. ನಿಮಗೆ ಅನುಕೂಲವಾದ ಎಲೆಗಳನ್ನು (ಔಟ್ಸ್) ಎಣಿಸಿ. ಒಂದು ಎಲೆ ಬೀಳುವುದು ಬಾಕಿಯಿದ್ದರೆ ಎರಡರಿಂದ, ಎರಡು ಎಲೆ ಬಾಕಿಯಿದ್ದರೆ ನಾಲ್ಕರಿಂದ ಗುಣಿಸಿ. ಬಂದ ಉತ್ತರವೇ ಶೇಕಡಾ ಸಾಧ್ಯತೆ. ಫ್ಲಾಪ್‌ನಲ್ಲೇ ನಿಮಗೆ ನಾಲ್ಕು ಆಟೀನ್ ಇದ್ದರೆ 9ಕ್ಕೆ ನಾಲ್ಕರಿಂದ ಗುಣಿಸಿ 36. ನಿಖರ ಲೆಕ್ಕ 35. ಮನೆಯಾಟಕ್ಕೆ ಇಷ್ಟು ಧಾರಾಳ ಸಾಕು. ಮೊಮ್ಮಗ ಇನ್ನೂ ಆಳಕ್ಕೆ ಹೋಗಲು ಬಯಸಿದರೆ ಡೇವಿಡ್ ಸ್ಕ್ಲಾನ್‌ಸ್ಕಿ ಇಂಗ್ಲಿಷಿನಲ್ಲಿ ಬರೆದ ‘ದಿ ಥಿಯರಿ ಆಫ್ ಪೋಕರ್’ ಓದಲಿ, ಓದಿ ನಿಮಗೆ ಕನ್ನಡದಲ್ಲಿ ಹೇಳಲಿ.

ಪ್ರಶ್ನೆ: ಎರಡು ಎಕ್ಕ ಬಂದಿದ್ದವು. ಎಲ್ಲರೂ ಆಟದಲ್ಲಿದ್ದರು, ಖುಷಿಯಾಗಿ ಸುಮ್ಮನಿದ್ದೆ. ಕೊನೆಗೆ 6-3 ಹಿಡಿದಿದ್ದವನು ಎರಡು ಜೋಡಿ ಮಾಡಿಕೊಂಡು ಗೆದ್ದ. ನನ್ನ ಕೈಗುಣವೇ ಸರಿ ಇಲ್ಲವೇನೋ.
– ಓದುಗರು, ಕಲಬುರಗಿ

ಉತ್ತರ: ಬೇಸರ ಆಗಿದ್ದರಲ್ಲಿ ತಪ್ಪಿಲ್ಲ. ಎರಡು ಎಕ್ಕ ಬರುವುದು ಸರಾಸರಿ 221 ಕೈಗೆ ಒಂದು ಸಲ; ಅಷ್ಟು ಕಾದು ಸಿಕ್ಕಿದ್ದು ಕೈತಪ್ಪಿದರೆ ಯಾರಿಗಾದರೂ ಸಂಕಟವಾಗುತ್ತದೆ. ಕೈಗುಣವನ್ನು ಮಾತ್ರ ಬೈಯಬೇಡಿ.

ಯಾವುದೋ ಎಲೆ ಹಿಡಿದ ಒಬ್ಬರೇ ಎದುರಿಗಿದ್ದಾಗ ಎರಡು ಎಕ್ಕ ನೂರರಲ್ಲಿ 85 ಸಲ ಗೆಲ್ಲುತ್ತವೆ. ಅಂಥ ಎಂಟು ಜನ ಕೊನೆಯವರೆಗೂ ಉಳಿದರೆ ಅದು 35ರ ಆಸುಪಾಸಿಗೆ ಇಳಿಯುತ್ತದೆ. ನೀವು ಖುಷಿಯಾಗಿ ಸುಮ್ಮನಿದ್ದಿರಲ್ಲ, ಅಲ್ಲಿದೆ ವಿಷಯ. ಮೊದಲೇ ರೇಸ್ ಮಾಡಿದ್ದರೆ 6-3ರವನು ಎಲೆ ಬಿಟ್ಟು ಎದ್ದಿರುತ್ತಿದ್ದ. ಒಳ್ಳೆಯ ಎಲೆ ಬಂದಾಗ ಗುಂಪನ್ನು ಕರಗಿಸಿ, ಒಬ್ಬಿಬ್ಬರನ್ನು ಮಾತ್ರ ಉಳಿಸಿಕೊಳ್ಳಿ.

ಅಷ್ಟು ಮಾಡಿ ಒಬ್ಬರೇ ಎದುರಿಗೆ ಉಳಿದರೂ ನೂರರಲ್ಲಿ 15 ಸಲ ಸೋಲುತ್ತೀರಿ. ಅಂಥ ಸೋಲಿನ ಬೆನ್ನಿಗೇ ಸಿಟ್ಟಿನಲ್ಲಿ ಕೈಗೆ ಬಂದದ್ದೆಲ್ಲ ಆಡುವುದಕ್ಕೆ ‘ಟಿಲ್ಟ್’ (ಹಿಡಿತ ತಪ್ಪುವುದು) ಅನ್ನುತ್ತಾರೆ. ಒಂದು ಕೈಯಲ್ಲಿ ಹೋದದ್ದಕ್ಕಿಂತ ಟಿಲ್ಟ್‌ನಲ್ಲಿ ಹೋಗುವುದು ಹೆಚ್ಚು. ಎದ್ದು ಹೋಗಿ ಮುಖ ತೊಳೆದು, ಒಂದು ಕಾಫಿ ಕುಡಿದು ಬನ್ನಿ.

ಪ್ರಶ್ನೆ: ಗಂಡ ಮತ್ತು ಅವರ ತಮ್ಮಂದಿರ ಜೊತೆ ಆಡುತ್ತೇನೆ. ಒಳ್ಳೆಯ ಎಲೆ ಬಂದರೆ ಮುಖದಲ್ಲೇ ಗೊತ್ತಾಗುತ್ತದಂತೆ. ಬ್ಲಫ್ ಮಾಡಲು ಹೋದರೆ ಸುಳ್ಳು ಹೇಳಿದ ಹಾಗೆ ಮುಜುಗರ. ಬ್ಲಫ್ ಇಲ್ಲದೆ ಆಡಬಹುದೇ?
– ಓದುಗರು, ಧಾರವಾಡ

ಉತ್ತರ: ಮುಜುಗರ ಒಳ್ಳೆಯ ಮನಸ್ಸಿನ ಲಕ್ಷಣ, ಇರಲಿ ಬಿಡಿ. ಆದರೆ ಬ್ಲಫ್ (ಕೈಯಲ್ಲಿ ಇಲ್ಲದ ಬಲವನ್ನು ಪಣದಲ್ಲಿ ತೋರಿಸುವುದು) ಎಲ್ಲರೂ ಒಪ್ಪಿಕೊಂಡ ಆಟದ ನಿಯಮದೊಳಗೇ ಇದೆ. ಕಬಡ್ಡಿಯಲ್ಲಿ ಬಲಕ್ಕೆ ಹೋಗುವ ಹಾಗೆ ಮಾಡಿ ಎಡಕ್ಕೆ ಹೋದವನನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ.

ಮಧ್ಯದಲ್ಲಿ 60 ಬೀಜ ಇರುವಾಗ ನೀವು ಏನೂ ಇಲ್ಲದೆ 30 ಇಟ್ಟಿರಿ ಅನ್ನಿ. ಅವರು ಬಿಟ್ಟರೆ 60 ಲಾಭ, ಹಿಡಿದರೆ 30 ನಷ್ಟ. ಮೂರರಲ್ಲಿ ಒಂದು ಸಲ ಅವರು ಬಿಟ್ಟರೂ ಸರಿಹೋಯಿತು. ಹಾಗಾಗಿ ಎಲೆ ಬಿಡುವ ಸ್ವಭಾವದವರ ಮೇಲೆ ಮಾತ್ರ ಬ್ಲಫ್ ಮಾಡಿ. ನಿಮ್ಮ ಮೈದುನಂದಿರಲ್ಲಿ ‘ನೋಡೇ ಬಿಡೋಣ’ ಅಂತ ಎಲ್ಲಕ್ಕೂ ಕಾಲ್ ಮಾಡುವ ಒಬ್ಬರಾದರೂ ಇರುತ್ತಾರೆ. ಅವರ ಮೇಲೆ ಬ್ಲಫ್ ವ್ಯರ್ಥ, ಒಳ್ಳೆಯ ಎಲೆ ಬಂದಾಗ ದೊಡ್ಡದಾಗಿ ಪಣ ಇಡಿ.

ಮುಖದ ವಿಷಯ: ಕಲ್ಲಿನಂತೆ ಕೂರಬೇಕಿಲ್ಲ. ಪ್ರತಿ ಸಲವೂ ಒಂದೇ ಥರ ಎಲೆ ನೋಡಿ, ಅಷ್ಟೇ ಹೊತ್ತು ಯೋಚಿಸಿ, ಅದೇ ಥರ ಬೀಜ ಮುಂದಿಡಿ. ಎದುರಿನವರ ಕೈ ನಡುಗಿದರೆ ಹೆದರಿದ್ದಾರೆ ಅಂದುಕೊಳ್ಳಬೇಡಿ, ಬಹಳ ಸಲ ಅದು ಒಳ್ಳೆಯ ಎಲೆ ಬಂದ ಉದ್ವೇಗ.

ಪ್ರಶ್ನೆ: ನಾನು ಬಿಟ್ಟ ಎಲೆಯನ್ನು ಪಕ್ಕದವರಿಗೆ ತೋರಿಸಿದ್ದಕ್ಕೆ ಬೈಸಿಕೊಂಡೆ. ಇದರಲ್ಲಿ ತಪ್ಪೇನು?
– ಓದುಗರು, ಮೈಸೂರು

ಉತ್ತರ: ನೀವು ಕೆಟ್ಟದ್ದನ್ನು ಯೋಚಿಸಿ ಮಾಡಿದ್ದಲ್ಲ ಬಿಡಿ. ಆದರೆ ನೀವು ಬಿಟ್ಟದ್ದು ಎಕ್ಕ ಅಂತ ಗೊತ್ತಾದರೆ ಕಟ್ಟಿನಲ್ಲಿ ಇನ್ನೆಷ್ಟು ಎಕ್ಕ ಉಳಿದಿವೆ ಅನ್ನುವ ಲೆಕ್ಕ ಪಕ್ಕದವರಿಗೆ ಮಾತ್ರ ಸಿಗುತ್ತದೆ, ಉಳಿದವರಿಗೆ ಅನ್ಯಾಯ. ಬಿಟ್ಟ ಎಲೆ ಕವುಚಿಯೇ ಇರಲಿ. ಸರದಿ ಬರುವ ಮುಂಚೆ ಬಿಡುವುದು, ರೇಸ್ ಮಾಡುವಾಗ ಸ್ವಲ್ಪ ಇಟ್ಟು ಎದುರಿನವರ ಮುಖ ನೋಡಿ ಮತ್ತಷ್ಟು ಸೇರಿಸುವುದು, ಇವೂ ಸಲ್ಲವು. ಮೊತ್ತವನ್ನು ಬಾಯಲ್ಲಿ ಹೇಳಿ ಒಮ್ಮೆಗೇ ಇಡಿ.

ಪ್ರಶ್ನೆ: ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ರಾತ್ರಿಯೆಲ್ಲ ಪೋಕರ್ ವಿಡಿಯೊ ನೋಡುತ್ತಾನೆ. ಕೇಳಿದರೆ ‘ಅಮ್ಮಾ, ಇದು ಜೂಜಲ್ಲ, ಬುದ್ಧಿಯ ಆಟ’ ಅನ್ನುತ್ತಾನೆ. ಮನಿಮೇಕರ್ ಎಂಬ ಅಮೆರಿಕದ ಲೆಕ್ಕಿಗನೊಬ್ಬ ಕೋಟ್ಯಧಿಪತಿಯಾದ ಕಥೆ ಹೇಳುತ್ತಾನೆ. ನಮ್ಮ ಮಾವನವರು ಇಸ್ಪೀಟಿನಲ್ಲಿ ಗದ್ದೆ ಕಳೆದವರು. ನನಗೆ ನಿದ್ದೆ ಬರುತ್ತಿಲ್ಲ.
– ಹೆಸರು ಬೇಡ, ಹಾಸನ

ಉತ್ತರ: ಗದ್ದೆ ಹೋದದ್ದನ್ನು ಕಂಡ ಮನೆಯವರು ಎಲೆ ಕಂಡರೆ ಬೆಚ್ಚುವುದು ಅತಿಯಾಯಿತು ಅಂತ ನಾನು ಹೇಳಲಾರೆ. ನಿಮ್ಮ ಭಯಕ್ಕೆ ಕಾರಣವಿದೆ. ನಿಮ್ಮ ಮಗ ಹೇಳುವುದರಲ್ಲೂ ಸ್ವಲ್ಪ ನಿಜವಿದೆ. ಎರಡನ್ನೂ ಬಿಡಿಸಿ ನೋಡೋಣ.

ಪೋಕರ್‌ನಲ್ಲಿ ಬುದ್ಧಿಗೆ ಜಾಗವಿದೆ, ಮೇಲಿನ ಉತ್ತರಗಳಲ್ಲಿ ನೋಡಿದಿರಲ್ಲ. ಆದರೆ ಆ ಬುದ್ಧಿ ಫಲ ಕೊಡುವುದು ಸಾವಿರಾರು ಕೈ ಆಡಿದ ಮೇಲೆ. ಒಂದು ರಾತ್ರಿಯ ಮಟ್ಟಿಗೆ ಎಲೆ ಬಿದ್ದ ಹಾಗೆ. ಚೆನ್ನಾಗಿ ಆಡಿಯೂ ತಿಂಗಳುಗಟ್ಟಲೆ ಸೋಲಬಹುದು. ಸಾಲದ್ದಕ್ಕೆ ಆಟ ನಡೆಸುವವರು ಪ್ರತಿ ಪಾಟ್‌ನಿಂದ ತಮ್ಮ ಪಾಲು (ರೇಕ್) ತೆಗೆಯುತ್ತಾರೆ. ಎದುರಿನವರಿಗಿಂತ ಸ್ವಲ್ಪ ಚೆನ್ನಾಗಿ ಆಡಿದರೆ ಸಾಲದು, ಆ ಪಾಲನ್ನೂ ಮೀರಿಸುವಷ್ಟು ಚೆನ್ನಾಗಿ ಆಡಬೇಕು.

ಕ್ರಿಸ್ ಮನಿಮೇಕರ್ ಕಥೆ ನಿಜ. ಆನ್‌ಲೈನ್ ಆಟದಲ್ಲಿ ಪ್ರವೇಶ ಗೆದ್ದುಕೊಂಡ ಅವರು 2003ರ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದರು. ಆ ಪಂದ್ಯಕ್ಕೆ ಕೂತವರು 839 ಜನ. ಉಳಿದ 838 ಜನರಲ್ಲಿ ಹತ್ತು ಹೆಸರು ಹೇಳಪ್ಪಾ ಅಂತ ಮಗನನ್ನು ಕೇಳಿ ನೋಡಿ.

ಕಾನೂನನ್ನೂ ಅವನು ತಿಳಿದಿರಲಿ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಬುದ್ಧಿಯ ಆಟ ಎಂಬ ವಾದಕ್ಕೆ ಆಗ ಬೆಲೆ ಸಿಕ್ಕಿತ್ತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬುದ್ಧಿಯೋ ಅದೃಷ್ಟವೋ ಎಂಬ ಭೇದವನ್ನೇ ಎಣಿಸುವುದಿಲ್ಲ. ಹಣ ಕಟ್ಟಿಸಿಕೊಂಡು ಆನ್‌ಲೈನ್ ಆಟ ನಡೆಸುವುದು, ಅದರ ಜಾಹೀರಾತು, ಅದಕ್ಕೆ ಬ್ಯಾಂಕ್ ವ್ಯವಹಾರ ಒದಗಿಸುವುದು, ಮೂರನ್ನೂ ಅದು ನಿಷೇಧಿಸಿದೆ. ಅದರಡಿ ಶಿಕ್ಷೆ ಆ ಮೂರನ್ನು ಮಾಡುವವರಿಗೇ ಹೊರತು ಆಡಿದವರಿಗಲ್ಲ. ಆದರೂ ಯಾವುದೋ ದೇಶದ ಆ್ಯಪ್‌ನಲ್ಲಿ ಹುಡುಗ ಹಣ ಹಾಕಿ ಅದು ಸಿಕ್ಕಿಹಾಕಿಕೊಂಡರೆ, ವಾಪಸು ಕೇಳಲು ವಿಳಾಸವೇ ಇರುವುದಿಲ್ಲ.

ಈಗ ನೀವು ಮಾಡಬೇಕಾದದ್ದು. ವಿಡಿಯೊ ನೋಡುವುದನ್ನೇ ಅಪರಾಧ ಮಾಡಬೇಡಿ, ಬಾಗಿಲು ಹಾಕಿಕೊಂಡು ನೋಡುತ್ತಾನೆ. ‘ನನಗೂ ಕಲಿಸು’ ಅಂತ ಒಂದು ಭಾನುವಾರ ಅವನ ಎದುರಿಗೆ ಕೂರಿ, ಹುಣಸೆಬೀಜ ಇಟ್ಟು. ಆಟದ ಮೇಲೆ ಆಸಕ್ತಿ ಇರುವವನು ಬೀಜಕ್ಕೂ ಮನಸ್ಸಿಟ್ಟು ಆಡುತ್ತಾನೆ, ಯಾಕೆ ಬಿಟ್ಟೆ, ಯಾಕೆ ಹಿಡಿದೆ ಅಂತ ವಿವರಿಸುತ್ತಾನೆ. ದುಡ್ಡಿಲ್ಲದಿದ್ದರೆ ಮಜಾ ಇಲ್ಲ ಅಂತ ಎದ್ದು ಹೋದರೆ ಎಚ್ಚರಗೊಳ್ಳಿ. ಹಣ ಹಾಕಿ ಆಡಿದ್ದೀಯಾ ಅಂತ ಗದರದೆ, ನೇರವಾಗಿ ಕೇಳಿ. ಆಡಿದ್ದರೆ ಹಾಕಿದ್ದೆಷ್ಟು, ಬಂದದ್ದೆಷ್ಟು ಅಂತ ಬರೆದ ಲೆಕ್ಕ ತೋರಿಸಲಿ. ಗೆದ್ದದ್ದು ಮಾತ್ರ ನೆನಪಿದ್ದು ಸೋತದ್ದು ಮರೆತುಹೋಗಿದ್ದರೆ, ಗೆಳೆಯರಲ್ಲಿ ಸಾಲ ಮಾಡಿದ್ದರೆ, ಕಳೆದದ್ದನ್ನು ವಾಪಸು ತರುತ್ತೇನೆ ಅಂತ ಮತ್ತೆ ಕೂರುತ್ತಿದ್ದರೆ, ಅದು ಕೆಟ್ಟ ನಡತೆ ಅಂತ ಬೈದು ಮುಗಿಯುವ ವಿಷಯವಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಸೇರಿಸಿದೆ, ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆಂದೇ ‘ಶಟ್’ ಎಂಬ ಚಿಕಿತ್ಸಾ ವಿಭಾಗವಿದೆ. ಅಷ್ಟು ದೂರ ಹೋಗುವ ಮುಂಚೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗ ಒಪ್ಪದಿದ್ದರೆ ಮೊದಲ ಕರೆ ನೀವೇ ಮಾಡಿ, ನಿದ್ದೆ ಬಾರದ್ದನ್ನೂ ಅವರಿಗೆ ಹೇಳಿ.